ಮರೆಯೇ ಬೇರೆ, ಬೀಗವೇ ಬೇರೆ

ಪ್ರಯೋಗಶಾಲೆಯಲ್ಲಿ ಸುಲಭವಾಗಿ ಮಾಡಿ ನೋಡಬಹುದಾದ ಒಂದು ಪ್ರಯೋಗವುಂಟು. ಬೀಕರೊಂದರಲ್ಲಿ ಗ್ಲಿಸರಿನ್ ತುಂಬಿ ಅದರಲ್ಲಿ ಬೊರೋಸಿಲಿಕೇಟ್ ಗಾಜಿನ ಕಡ್ಡಿಯೊಂದನ್ನು ನಿಲ್ಲಿಸಿದರೆ, ಮುಳುಗಿದ ಭಾಗವು ಕಣ್ಣಿಗೆ ಕಾಣದಂತಾಗುತ್ತದೆ. ಎರಡರ ವಕ್ರೀಭವನಾಂಕವೂ ಸುಮಾರು 1.47 ಆಗಿರುವುದರಿಂದ, ಬೆಳಕು ಒಂದರಿಂದ ಇನ್ನೊಂದಕ್ಕೆ ದಾಟುವಾಗ ಹೆಚ್ಚುಕಡಮೆ ಬಾಗುವುದೂ ಇಲ್ಲ, ಹಿಂದಿರುಗುವುದೂ ಇಲ್ಲ. ಆದಕಾರಣ ಗಾಜಿನ ಅಂಚಿನ ಸುಳಿವು ಕಣ್ಣಿಗೆ ಸಿಕ್ಕುವುದಿಲ್ಲ. ಆದರೆ ಬೆರಳನ್ನು ಅದ್ದಿದವನಿಗೆ ಕಡ್ಡಿಯು ಇದ್ದಲ್ಲಿಯೇ ಸಿಕ್ಕುತ್ತದೆ. ಕಣ್ಣಿಗೆ ಕಾಣದಿರುವುದು ಬೇರೆ, ಕೈಗೆ ಸಿಕ್ಕದಿರುವುದು ಬೇರೆ. ಇಷ್ಟು ಸರಳವಾದ ಭೇದವನ್ನು ನಮ್ಮ ಮನೆಯ ಕಂಪ್ಯೂಟರುಗಳ ಮುಂದೆ ಕುಳಿತಾಗ ನಾವು ಮರೆತುಬಿಡುತ್ತಿದ್ದೇವೆ. ಅದರ ಕಡೆಗೆ ವಾಚಕರ ಗಮನವನ್ನು ಸೆಳೆಯುವುದೇ ಈ ಲೇಖನದ ಉದ್ದೇಶ.

ನಮ್ಮಲ್ಲಿ ಕಂಪ್ಯೂಟರನ್ನು ವೈಯಕ್ತಿಕ ಯಂತ್ರವೆಂದು ಕರೆದರೂ ಅದು ಒಬ್ಬರ ಸ್ವತ್ತಾಗಿರುವುದು ಅಪರೂಪ. ಒಂದೇ ಯಂತ್ರದಲ್ಲಿ ತಂದೆಯ ಬ್ಯಾಂಕಿನ ಲೆಕ್ಕ, ತಾಯಿಯ ವೈದ್ಯಕೀಯ ವರದಿ, ಮಗಳ ದಿನಚರಿ, ಮಗನ ಅರ್ಧ ಬರೆದ ಕವಿತೆ ಎಲ್ಲವೂ ಇರುತ್ತವೆ. ನೆಂಟರು ಬರುತ್ತಾರೆ, ನೆರೆಯ ಹುಡುಗರು ಆಟಕ್ಕೆಂದು ಕುಳಿತುಕೊಳ್ಳುತ್ತಾರೆ, ಯಂತ್ರ ಕೆಟ್ಟಾಗ ಅದು ರಿಪೇರಿಯ ಅಂಗಡಿಯಲ್ಲಿ ನಾಲ್ಕು ದಿನ ಇರುತ್ತದೆ. ಹೀಗಿರಲು, ಕೆಲವು ಕಡತಗಳು ಇತರರ ಕಣ್ಣಿಗೆ ಬೀಳದಿರಲಿ ಎಂದು ಬಯಸುವುದು ಸಹಜವೇ ಸರಿ. ಆ ಬಯಕೆಯಿಂದ ಫೋಲ್ಡರಿನ ಮೇಲೆ ಮೌಸಿನ ಬಲಗುಂಡಿಯನ್ನು ಒತ್ತಿ, ಅದರ ಗುಣಲಕ್ಷಣಗಳ ಪಟ್ಟಿಯಲ್ಲಿ ‘ಹಿಡನ್’ ಎಂಬ ಚೌಕಕ್ಕೆ ಗುರುತು ಹಾಕುತ್ತಾರೆ. ಫೋಲ್ಡರು ಮಾಯವಾಗುತ್ತದೆ, ಮನಸ್ಸು ನಿಶ್ಚಿಂತವಾಗುತ್ತದೆ. ಈ ನಿಶ್ಚಿಂತೆಗೆ ಆಧಾರವಿಲ್ಲವೆಂಬುದೇ ನಮ್ಮ ವಾದ.

ಆ ಗುರುತು ಎಲ್ಲಿ ಬೀಳುತ್ತದೆಂಬುದನ್ನು ನೋಡಿದರೆ ಸಂಗತಿ ಸ್ಪಷ್ಟವಾಗುತ್ತದೆ. ಇಂದಿಗೂ ಅನೇಕ ಪೆನ್‌ಡ್ರೈವುಗಳಲ್ಲಿ ಬಳಕೆಯಲ್ಲಿರುವ ‘ಫ್ಯಾಟ್’ ಎಂಬ ಏರ್ಪಾಟನ್ನೇ ತೆಗೆದುಕೊಳ್ಳೋಣ. ಗ್ರಂಥಾಲಯದಲ್ಲಿ ಪ್ರತಿ ಪುಸ್ತಕಕ್ಕೂ ಒಂದು ಸೂಚಿಪತ್ರವಿರುವಂತೆ ಇಲ್ಲಿ ಪ್ರತಿ ಕಡತಕ್ಕೂ 32 ಬೈಟುಗಳ ಒಂದು ನಮೂದು ಇರುತ್ತದೆ. ಮೊದಲ 11 ಬೈಟುಗಳಲ್ಲಿ ಕಡತದ ಹೆಸರು. 12ನೆಯ ಬೈಟಿನಲ್ಲಿ ಅದರ ಲಕ್ಷಣಗಳು. ಆ ಒಂದು ಬೈಟಿನ ಎಂಟು ಬಿಟ್ಟುಗಳಲ್ಲಿ ಒಂದು ‘ಇದನ್ನು ತಿದ್ದಬೇಡ’ ಎಂದು ಹೇಳಿದರೆ, ಇನ್ನೊಂದು ‘ಇದನ್ನು ಪಟ್ಟಿಯಲ್ಲಿ ತೋರಿಸಬೇಡ’ ಎಂದು ಹೇಳುತ್ತದೆ. ನಾವು ಫೋಲ್ಡರನ್ನು ಅಡಗಿಸಿದೆವೆಂದುಕೊಂಡಾಗ ನಿಜವಾಗಿ ನಡೆದುದು ಇಷ್ಟೆ: ಆ ಒಂದು ಬಿಟ್ಟು ಸೊನ್ನೆಯಿಂದ ಒಂದಕ್ಕೆ ತಿರುಗಿತು. ಒಳಗಿನ ಪತ್ರದ ಒಂದಕ್ಷರವೂ ಬದಲಾಗಲಿಲ್ಲ. ಚಿತ್ರದ ಒಂದು ಚುಕ್ಕೆಯೂ ಕದಲಲಿಲ್ಲ. ಪುಸ್ತಕವು ಕಪಾಟಿನಲ್ಲಿ ಇದ್ದ ಜಾಗದಲ್ಲಿಯೇ ಇದೆ. ಅದರ ಸೂಚಿಪತ್ರದ ಮೂಲೆಯಲ್ಲಿ ‘ದಯವಿಟ್ಟು ಹೇಳಬೇಡಿ’ ಎಂದು ಬರೆದಂತಾಯಿತು, ಅಷ್ಟೆ.

ಈ ಗುರುತನ್ನು ಮಾಡಿದವರ ಉದ್ದೇಶವಾದರೂ ಗುಟ್ಟನ್ನು ಕಾಯುವುದಾಗಿರಲಿಲ್ಲ. 1981ರಲ್ಲಿ ಐಬಿಎಂ ಸಂಸ್ಥೆಯ ವೈಯಕ್ತಿಕ ಕಂಪ್ಯೂಟರು ಹೊರಬಂದಾಗ, ಅದರ ಡಾಸ್ ವ್ಯವಸ್ಥೆಗೆ ಅತ್ಯವಶ್ಯವಾಗಿದ್ದ ಎರಡು ಕಡತಗಳನ್ನು ಹೀಗೆ ಮರೆಯಲ್ಲಿಟ್ಟಿದ್ದರು. ಬಳಸುವವನು ಗೊತ್ತಿಲ್ಲದೆ ಅವನ್ನು ಅಳಿಸಿ ಯಂತ್ರವನ್ನು ನಿಷ್ಪ್ರಯೋಜಕಗೊಳಿಸದಿರಲಿ ಎಂಬ ಮುನ್ನೆಚ್ಚರಿಕೆ ಅದು. ಯೂನಿಕ್ಸ್ ವ್ಯವಸ್ಥೆಯ ಕಥೆ ಇನ್ನೂ ಸ್ವಾರಸ್ಯವಾಗಿದೆ. ಅಲ್ಲಿ ಚುಕ್ಕೆಯಿಂದ ಆರಂಭವಾಗುವ ಹೆಸರಿನ ಕಡತಗಳು ಪಟ್ಟಿಯಲ್ಲಿ ಕಾಣುವುದಿಲ್ಲ. ಬೆಲ್ ಪ್ರಯೋಗಾಲಯದಲ್ಲಿ ಕೆಲಸ ಮಾಡಿದ್ದ ರಾಬ್ ಪೈಕ್ 2012ರಲ್ಲಿ ವಿವರಿಸಿದಂತೆ ಇದು ಆಕಸ್ಮಿಕವಾಗಿ ಹುಟ್ಟಿದ್ದು. ಪ್ರತಿ ಫೋಲ್ಡರಿನಲ್ಲಿಯೂ ಇರುವ ಒಂದು ಚುಕ್ಕೆಯ ಮತ್ತು ಎರಡು ಚುಕ್ಕೆಯ ಎರಡು ನಮೂದುಗಳನ್ನು ಪಟ್ಟಿಯಿಂದ ಬಿಡಲೆಂದು, ಹೆಸರಿನ ಮೊದಲ ಅಕ್ಷರ ಚುಕ್ಕೆಯಾದರೆ ಬಿಟ್ಟುಬಿಡು ಎಂದು ಚುಟುಕಾಗಿ ಬರೆದರು. ಅದರಿಂದ ಚುಕ್ಕೆಯಿಂದ ಮೊದಲಾಗುವ ಎಲ್ಲ ಕಡತಗಳೂ ಕಣ್ಮರೆಯಾದವು. ಲಿನಕ್ಸಿಗೂ ಮ್ಯಾಕಿಗೂ ಈ ವಾಡಿಕೆ ವಂಶಪಾರಂಪರ್ಯವಾಗಿ ಬಂದಿದೆ. ಒಂದೆಡೆ ಮುನ್ನೆಚ್ಚರಿಕೆ, ಇನ್ನೊಂದೆಡೆ ಅವಸರದ ಚುಟುಕು. ಇವೆರಡರಲ್ಲಿ ಯಾವುದನ್ನೂ ಬೀಗವೆಂದು ಯಾರೂ ಮಾಡಲಿಲ್ಲ.

ಮರೆಯನ್ನು ತೆಗೆಯುವುದಕ್ಕೆ ಬೇಕಾದ ಶ್ರಮವೆಷ್ಟು? ವಿಂಡೋಸಿನಲ್ಲಿ ‘ವ್ಯೂ’ ಪಟ್ಟಿಯನ್ನು ತೆರೆದು ಅಡಗಿದ ವಸ್ತುಗಳನ್ನು ತೋರಿಸು ಎಂದರಾಯಿತು. ಪ್ರೌಢಶಾಲೆಯ ಹುಡುಗನು ಇದನ್ನು ಹತ್ತು ಸೆಕೆಂಡುಗಳಲ್ಲಿ ಮಾಡಬಲ್ಲನು. ಅದೂ ಬೇಡ, ಇತ್ತೀಚೆಗೆ ತೆರೆದ ಕಡತಗಳ ಪಟ್ಟಿಯೇ ಎಷ್ಟೋ ವೇಳೆ ಅಡಗಿಸಿದುದರ ಹೆಸರನ್ನು ಹೇಳಿಬಿಡುತ್ತದೆ. ಡಿಸ್ಕನ್ನು ಬಿಚ್ಚಿ ಬೇರೊಂದು ಕಂಪ್ಯೂಟರಿಗೆ ಜೋಡಿಸಿದರೆ, ಯಂತ್ರವನ್ನು ತೆರೆಯಲು ನಾವು ಇಟ್ಟ ಪಾಸ್‌ವರ್ಡು ಕೂಡ ಕೆಲಸಕ್ಕೆ ಬಾರದು; ಅದು ಬಾಗಿಲಿನ ಕಾವಲೇ ಹೊರತು ಪೆಟ್ಟಿಗೆಯ ಬೀಗವಲ್ಲ.

ಇದೇ ಗುರುತನ್ನು ದುಷ್ಕರ್ಮಿಗಳು ನಮ್ಮ ಮೇಲೆಯೇ ಪ್ರಯೋಗಿಸುತ್ತಾರೆಂಬುದನ್ನು ಕಾಲೇಜುಗಳ ಕಂಪ್ಯೂಟರ್ ಶಾಲೆಗಳಲ್ಲಿ ಓಡಾಡಿದವರೆಲ್ಲರೂ ಬಲ್ಲರು. ವಿದ್ಯಾರ್ಥಿಯ ಪೆನ್‌ಡ್ರೈವಿನಲ್ಲಿದ್ದ ಫೋಲ್ಡರುಗಳನ್ನು ಒಂದು ಬಗೆಯ ವೈರಸ್ಸು ಮರೆಮಾಡಿ, ಅವುಗಳ ಹೆಸರಿನಲ್ಲಿಯೇ ತನ್ನ ವೇಷಧಾರಿ ಕೊಂಡಿಗಳನ್ನು ಇಡುತ್ತದೆ. ವಿದ್ಯಾರ್ಥಿಯು ತನ್ನ ಬರಹವೆಲ್ಲ ನಾಶವಾಯಿತೆಂದು ಗಾಬರಿಯಾಗುತ್ತಾನೆ. ಬಲ್ಲವರು ಒಂದು ಸಾಲಿನ ಆಜ್ಞೆಯಿಂದ ಗುರುತನ್ನು ತೆಗೆದೊಡನೆ ಎಲ್ಲವೂ ಮರಳಿ ಕಾಣುತ್ತದೆ. ಅಂದು ಸಂತೋಷಪಡುವ ವಿದ್ಯಾರ್ಥಿಯು ಇದರಿಂದ ಇನ್ನೊಂದು ಪಾಠವನ್ನೂ ಕಲಿಯಬೇಕು. ವೈರಸ್ಸು ಅಡಗಿಸಿದುದು ಇಷ್ಟು ಸುಲಭವಾಗಿ ಬೆಳಕಿಗೆ ಬರುವುದಾದರೆ, ತಾನು ಅಡಗಿಸಿದುದೂ ಅಷ್ಟೇ ಸುಲಭವಾಗಿ ಬೆಳಕಿಗೆ ಬಾರದೆ?

ಇದೆಲ್ಲ ಮನೆವಾರ್ತೆಯ ಸಣ್ಣ ಸಂಗತಿಯೆಂದು ಯಾರಾದರೂ ತಳ್ಳಿಹಾಕುವುದಾದರೆ, ದೂರದ ದೇಶದ ಒಂದು ದೊಡ್ಡ ಉದಾಹರಣೆಯನ್ನು ಅವರ ಮುಂದಿಡುತ್ತೇವೆ. 2023ರ ಆಗಸ್ಟಿನಲ್ಲಿ ಉತ್ತರ ಐರ್ಲೆಂಡಿನ ಪೊಲೀಸ್ ಇಲಾಖೆಯು ಮಾಹಿತಿಯ ಹಕ್ಕಿನ ಅರ್ಜಿಯೊಂದಕ್ಕೆ ಉತ್ತರವಾಗಿ ಲೆಕ್ಕದ ಕೋಷ್ಟಕವೊಂದನ್ನು ಪ್ರಕಟಿಸಿತು. ಅರ್ಜಿದಾರನು ಕೇಳಿದ್ದು ಯಾವ ಯಾವ ದರ್ಜೆಯಲ್ಲಿ ಎಷ್ಟೆಷ್ಟು ಜನರಿದ್ದಾರೆಂಬ ಸಂಖ್ಯೆಗಳನ್ನು. ಆದರೆ ಆ ಕಡತದಲ್ಲಿ ಕಣ್ಣಿಗೆ ಕಾಣದಂತೆ ಅಡಗಿಸಿದ ಇನ್ನೊಂದು ಹಾಳೆಯಿತ್ತು. ಅದರಲ್ಲಿ ಇಲಾಖೆಯ 9,483 ಅಧಿಕಾರಿಗಳ ಮತ್ತು ನೌಕರರ ಮನೆತನದ ಹೆಸರು, ಮೊದಲಕ್ಷರ, ದರ್ಜೆ, ಕೆಲಸದ ವಿವರ ಎಲ್ಲವೂ ಇದ್ದವು. ಪೊಲೀಸನೆಂದು ಗೊತ್ತಾದರೆ ಮನೆಯ ಬಾಗಿಲಿಗೆ ಬಾಂಬು ಬರಬಹುದಾದ ನಾಡು ಅದು. ಅಲ್ಲಿ ಎಷ್ಟೋ ಮಂದಿ ತಮ್ಮ ಕೆಲಸವನ್ನು ನೆರೆಯವರಿಗೂ ಹೇಳದೆ ಬದುಕುತ್ತಾರೆ. ಕೆಲವು ಗಂಟೆಗಳಲ್ಲಿ ಕಡತವನ್ನು ಹಿಂದಕ್ಕೆ ತೆಗೆದುಕೊಂಡರೂ ಅಷ್ಟರಲ್ಲಿ ಅನರ್ಥ ನಡೆದುಹೋಗಿತ್ತು. ಮುಂದಿನ ವರ್ಷ ಇಲಾಖೆಗೆ 7,50,000 ಪೌಂಡುಗಳ ದಂಡ ಬಿದ್ದಿತು. ಅಡಗಿಸಿದ ಹಾಳೆಯ ಬದಲು ಅಳಿಸಿದ ಹಾಳೆಯಿದ್ದಿದ್ದರೆ ಈ ಅನರ್ಥ ತಪ್ಪುತ್ತಿತ್ತು.

ಮರೆಗೂ ಬೀಗಕ್ಕೂ ಇರುವ ಈ ಭೇದವನ್ನು ಶಾಸ್ತ್ರಜ್ಞರು ಬಹಳ ಹಿಂದೆಯೇ ಗುರುತಿಸಿದ್ದಾರೆ. ಗುಟ್ಟಿನ ಬರಹದ ವಿದ್ಯೆ ಹಳೆಯದು. ವಾತ್ಸ್ಯಾಯನನ ಅರುವತ್ತನಾಲ್ಕು ಕಲೆಗಳ ಪಟ್ಟಿಯಲ್ಲಿಯೇ ‘ಮ್ಲೇಚ್ಛಿತವಿಕಲ್ಪ’ವೆಂಬ ಹೆಸರಿನಲ್ಲಿ ಅದು ಸೇರಿದೆ. ಆದರೆ ಅದಕ್ಕೆ ಭದ್ರವಾದ ತತ್ತ್ವವೊಂದನ್ನು ಕೊಟ್ಟವನು ಹಾಲೆಂಡಿನಲ್ಲಿ ಹುಟ್ಟಿ ಪ್ಯಾರಿಸಿನಲ್ಲಿ ಭಾಷೆಗಳ ಅಧ್ಯಾಪಕನಾಗಿದ್ದ ಆಗಸ್ಟ್ ಕೆರ್ಕಾಫ್ಸ್. ಸೈನ್ಯದ ಗೂಢಲಿಪಿಯನ್ನು ಕುರಿತು 1883ರಲ್ಲಿ ಬರೆದ ಪ್ರಬಂಧದಲ್ಲಿ ಆತನು ಹೇಳಿದ ನಿಯಮದ ತಾತ್ಪರ್ಯವಿದು: ಗೂಢಲಿಪಿಯ ವಿಧಾನವು ಶತ್ರುವಿನ ಕೈಗೆ ಸಿಕ್ಕಿದರೂ ಬಾಧಕವಿರಬಾರದು, ಗುಟ್ಟು ನಿಲ್ಲಬೇಕಾದುದು ಕೀಲಿಯೊಂದರ ಮೇಲೆಯೇ. ಅಮೆರಿಕದ ಕ್ಲಾಡ್ ಶಾನನ್ 1949ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ಗುಟ್ಟಿನ ಪದ್ಧತಿಗಳನ್ನು ವಿಂಗಡಿಸುವಾಗ, ಕಾಣದ ಶಾಯಿಯಂಥ ಅಡಗಿಸುವ ಉಪಾಯಗಳನ್ನು ಒಂದು ಗುಂಪಿಗೂ, ಬರಹವು ಎದುರಿಗಿದ್ದರೂ ಅರ್ಥವಾಗದಂತೆ ಮಾಡುವ ನಿಜವಾದ ಗೂಢಲಿಪಿಗಳನ್ನು ಇನ್ನೊಂದು ಗುಂಪಿಗೂ ಸೇರಿಸಿದನು. ಮೊದಲನೆಯದು ಬಹುಮಟ್ಟಿಗೆ ಮನಶ್ಶಾಸ್ತ್ರದ ಪ್ರಶ್ನೆಯೆಂದು ಹೇಳಿ, ತನ್ನ ಗಣಿತವನ್ನು ಎರಡನೆಯದಕ್ಕೆ ಮೀಸಲಿಟ್ಟನು. ಕಂಪ್ಯೂಟರಿನ ‘ಹಿಡನ್’ ಗುರುತು ಮೊದಲನೆಯ ಗುಂಪಿಗೆ ಸೇರಿದುದು. ಎದುರಾಳಿಗೆ ಹುಡುಕಬೇಕೆಂಬ ಯೋಚನೆ ಬಾರದಿರುವವರೆಗೆ ಮಾತ್ರ ಅದರ ಆಯುಷ್ಯ.

ಎರಡನೆಯ ಗುಂಪಿನ ಬಲವೆಷ್ಟೆಂಬುದಕ್ಕೆ ಒಂದು ಲೆಕ್ಕವನ್ನು ನೋಡೋಣ. ಇಂದು ಎಲ್ಲೆಲ್ಲಿಯೂ ಬಳಕೆಯಲ್ಲಿರುವ ‘ಎಇಎಸ್’ ಗೂಢಲಿಪಿಯನ್ನು ರಚಿಸಿದವರು ಬೆಲ್ಜಿಯಮ್ಮಿನ ಜೋನ್ ಡೇಮನ್ ಮತ್ತು ವಿನ್ಸೆಂಟ್ ರೈಮನ್ ಎಂಬ ಇಬ್ಬರು ವಿದ್ವಾಂಸರು. ಬಹಿರಂಗವಾದ ಸ್ಪರ್ಧೆಯಲ್ಲಿ ಪ್ರಪಂಚದ ತಜ್ಞರೆಲ್ಲರ ಪರೀಕ್ಷೆಗೆ ಒಳಗಾಗಿ, 2001ರಲ್ಲಿ ಅದು ಅಮೆರಿಕದ ಅಧಿಕೃತ ಮಾನಕವಾಯಿತು. ಅದರ ವಿಧಾನದಲ್ಲಿ ಗುಟ್ಟಿನದೇನೂ ಇಲ್ಲ. ಯಾರು ಬೇಕಾದರೂ ಓದಬಹುದು. ಅದರ ಅತ್ಯಂತ ಚಿಕ್ಕ ಕೀಲಿಯೇ 128 ಬಿಟ್ಟುಗಳದು. ಆದುದರಿಂದ ಸಾಧ್ಯವಿರುವ ಕೀಲಿಗಳ ಎಣಿಕೆ 39 ಅಂಕಿಗಳ ಒಂದು ಸಂಖ್ಯೆ. ಸೆಕೆಂಡಿಗೆ ಒಂದು ಲಕ್ಷ ಕೋಟಿ ಕೀಲಿಗಳನ್ನು ಪ್ರಯತ್ನಿಸಿ ನೋಡುವ ಯಂತ್ರವೊಂದನ್ನು ಊಹಿಸಿಕೊಂಡರೂ, ಎಲ್ಲವನ್ನೂ ಮುಗಿಸಲು ಅದಕ್ಕೆ ಬೇಕಾಗುವ ಕಾಲವು ವಿಶ್ವದ ಈಗಿನ ವಯಸ್ಸಾದ ಸುಮಾರು 1,380 ಕೋಟಿ ವರ್ಷಗಳ ಎಪ್ಪತ್ತು ಕೋಟಿ ಪಟ್ಟನ್ನೂ ಮೀರುತ್ತದೆ. ಒಂದು ಕಡೆ ಹತ್ತು ಸೆಕೆಂಡು, ಇನ್ನೊಂದು ಕಡೆ ಈ ಕಾಲ. ಎರಡನ್ನೂ ಒಂದೇ ‘ಭದ್ರತೆ’ಯೆಂಬ ಮಾತಿನಿಂದ ಕರೆಯುವುದು ನ್ಯಾಯವೆ?

ಆದರೆ ಬೀಗ ಎಷ್ಟು ಗಟ್ಟಿಯಾದರೇನು, ಕೀಲಿಯನ್ನು ಹೊಸ್ತಿಲ ಮೇಲೆಯೇ ಇಟ್ಟರೆ! ಕೀಲಿಯನ್ನು ಬಿಡಿಸುವ ಗುಟ್ಟಿನ ಪದವನ್ನು ಆರಿಸುವವರು ನಾವೇ ಆದುದರಿಂದ ದುರ್ಬಲತೆಯು ಸಾಮಾನ್ಯವಾಗಿ ಅಲ್ಲಿಯೇ ಇರುತ್ತದೆ. ಇಂಗ್ಲಿಷಿನ ಎಂಟು ಸಣ್ಣ ಅಕ್ಷರಗಳಿಂದ ಆಗುವ ಪದಗಳು ಸುಮಾರು 20,882 ಕೋಟಿ. ಕೇಳಲು ದೊಡ್ಡದಾಗಿದ್ದರೂ ಮೇಲೆ ಊಹಿಸಿದ ಯಂತ್ರಕ್ಕೆ ಇದು ಸೆಕೆಂಡಿನ ಐದನೆಯ ಒಂದು ಭಾಗದ ಕೆಲಸ. ಇದಕ್ಕಿಂತ ಮೇಲಾದ ಒಂದು ಉಪಾಯವಿದೆ. ಐದು ದಾಳಗಳನ್ನು ಎಸೆದರೆ 7,776 ಬಗೆಯ ಫಲಗಳು ಬರಬಹುದಷ್ಟೆ. ಅಷ್ಟೇ ಪದಗಳ ಪಟ್ಟಿಯೊಂದನ್ನು ಇಟ್ಟುಕೊಂಡು, ದಾಳವು ತೋರಿಸಿದ ಪದವನ್ನು ಬರೆಯುತ್ತ ಹೋಗಿ, ಆರು ಪದಗಳ ಮಾಲೆಯನ್ನು ಮಾಡಿದರೆ ಅದೇ ಯಂತ್ರಕ್ಕೆ ಎಲ್ಲವನ್ನೂ ಪರೀಕ್ಷಿಸಲು ಸುಮಾರು 7,000 ವರ್ಷಗಳು ಬೇಕು. ಪದಗಳನ್ನು ಆರಿಸುವುದು ದಾಳವಾಗಿರಬೇಕು, ನಮ್ಮ ಮನಸ್ಸಾಗಿರಬಾರದು. ಮಗುವಿನ ಹೆಸರು, ಹುಟ್ಟಿದ ವರ್ಷ, ಇಷ್ಟದೈವ ಇವುಗಳ ಸುತ್ತಲೇ ನಮ್ಮ ಮನಸ್ಸು ಸುಳಿಯುವುದೆಂಬುದು ಕಳ್ಳನಿಗೂ ಗೊತ್ತು.

ಇಲ್ಲಿ ಒಂದು ಆಕ್ಷೇಪಣೆ ಬರುವುದುಂಟು: ತಪ್ಪು ಮಾಡದವನಿಗೆ ಗುಟ್ಟೇಕೆ, ಬೀಗವೇಕೆ? ಇದು ಕೇಳಲು ಚೆನ್ನಾಗಿದೆ. ಆದರೆ ಹಾಗೆ ಕೇಳುವವರೂ ಮಗಳ ಮದುವೆಯ ಮಾತುಕತೆಯನ್ನು ಅಂಚೆಯ ಕಾರ್ಡಿನಲ್ಲಿ ಬರೆಯುವುದಿಲ್ಲ, ಲಕೋಟೆಯಲ್ಲಿ ಅಂಟಿಸಿ ಕಳುಹಿಸುತ್ತಾರೆ. ಲಕೋಟೆಯು ಅಪರಾಧದ ಚಿಹ್ನೆಯಲ್ಲ, ಮರ್ಯಾದೆಯ ಚಿಹ್ನೆ. ನಮ್ಮ ದೇಶದ ಕಾನೂನೂ ಇದನ್ನು ಒಪ್ಪಿದೆ. ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿಗಳಾಗಿದ್ದ ಕೆ. ಎಸ್. ಪುಟ್ಟಸ್ವಾಮಿಯವರು 2012ರಲ್ಲಿ ಹೂಡಿದ ಮೊಕದ್ದಮೆಯಲ್ಲಿ, ಸರ್ವೋಚ್ಚ ನ್ಯಾಯಾಲಯದ ಒಂಬತ್ತು ನ್ಯಾಯಮೂರ್ತಿಗಳ ಪೀಠವು 2017ರ ಆಗಸ್ಟ್ 24ರಂದು ಖಾಸಗಿತನವು ಸಂವಿಧಾನವು ಕೊಟ್ಟ ಮೂಲಭೂತ ಹಕ್ಕೆಂದು ಏಕಕಂಠದಿಂದ ಸಾರಿತು. ಹಕ್ಕಿಗೆ ಮಿತಿಗಳಿಲ್ಲವೆಂದಲ್ಲ, ಕಾನೂನು ಹೇಳಿದ ಸಂದರ್ಭಗಳಲ್ಲಿ ಸರ್ಕಾರವು ಗೂಢಲಿಪಿಯನ್ನು ಬಿಡಿಸಿಕೊಡಬೇಕೆಂದು ಆಜ್ಞೆ ಮಾಡಬಹುದು. ಆದರೆ ನೆರೆಯವನಿಗೂ ರಿಪೇರಿಯವನಿಗೂ ಅಂಥ ಅಧಿಕಾರವನ್ನು ಯಾವ ಕಾನೂನೂ ಕೊಟ್ಟಿಲ್ಲ.

ಇನ್ನೊಂದು ಆಕ್ಷೇಪಣೆ ಹೆಚ್ಚು ತೂಕದ್ದು. ಕೀಲಿ ಕಳೆದುಹೋದರೆ ಗತಿಯೇನು? ನಿಜ, ಗೂಢಲಿಪಿಯು ಕಳ್ಳನನ್ನೂ ಮರೆಗುಳಿಯಾದ ಯಜಮಾನನನ್ನೂ ಬೇರೆ ಬೇರೆಯಾಗಿ ಕಾಣುವುದಿಲ್ಲ. ಆದಕಾರಣ ಬೀಗ ಹಾಕುವ ಮುನ್ನ ಕಡತಗಳ ಇನ್ನೊಂದು ಪ್ರತಿಯನ್ನು ಬೇರೊಂದು ಡಿಸ್ಕಿನಲ್ಲಿ, ಅದನ್ನೂ ಬೀಗ ಹಾಕಿ, ಇಟ್ಟುಕೊಳ್ಳುವುದು ಅವಶ್ಯ. ವಿಂಡೋಸಿನ ಬಿಟ್‌ಲಾಕರ್ ಕೊಡುವ 48 ಅಂಕಿಗಳ ಆಪತ್ಕಾಲದ ಕೀಲಿಯನ್ನು ಕಾಗದದ ಮೇಲೆ ಬರೆದು, ಮನೆಯ ಪತ್ರಗಳ ಜೊತೆಯಲ್ಲಿ ಪೆಟ್ಟಿಗೆಯಲ್ಲಿಡುವುದು ವಿವೇಕ. ಮ್ಯಾಕಿನಲ್ಲಿ ಫೈಲ್‌ವಾಲ್ಟ್, ಲಿನಕ್ಸಿನಲ್ಲಿ ಲಕ್ಸ್ ಎಂಬ ಏರ್ಪಾಟುಗಳು ಇಡೀ ಡಿಸ್ಕಿಗೆ ಬೀಗ ಹಾಕುತ್ತವೆ. ಕೆಲವೇ ಕಡತಗಳನ್ನು ಕಾಯಬೇಕಾದವರಿಗೆ ವೆರಾಕ್ರಿಪ್ಟ್ ಎಂಬ ಉಚಿತ ತಂತ್ರಾಂಶವು ಬೀಗದ ಪೆಟ್ಟಿಗೆಯಂಥ ಒಂದು ಕಡತವನ್ನು ಮಾಡಿಕೊಡುತ್ತದೆ. ಮನೆಯ ಪ್ರತಿಯೊಬ್ಬರಿಗೂ ಬೇರೆ ಬೇರೆ ಖಾತೆಯನ್ನು ತೆರೆಯುವುದು ಇವೆಲ್ಲಕ್ಕೂ ಮೊದಲ ಹೆಜ್ಜೆ. ಇಷ್ಟಾದರೂ ಒಂದನ್ನು ನೆನಪಿನಲ್ಲಿಡಬೇಕು. ಯಂತ್ರವನ್ನು ತೆರೆದಿಟ್ಟು ಎದ್ದುಹೋದರೆ, ಬೀಗ ತೆಗೆದು ಬಾಗಿಲು ತೆರೆದಿಟ್ಟಂತೆಯೇ ಸರಿ. ಆಗ ಯಾವ ಗೂಢಲಿಪಿಯೂ ಕಾಯಲಾರದು.

ಅಳಿಸಿದರೆ ಸಾಲದೆ ಎಂದು ಕೇಳುವವರಿಗೂ ಒಂದು ಮಾತು. ಮೇಲೆ ಹೇಳಿದ ಫ್ಯಾಟ್ ಏರ್ಪಾಟಿನಲ್ಲಿ ಕಡತವನ್ನು ಅಳಿಸಿದಾಗ ಅದರ ನಮೂದಿನಲ್ಲಿ ಹೆಸರಿನ ಮೊದಲ ಬೈಟು ಬದಲಾಗಿ, ಅದು ಹಿಡಿದಿದ್ದ ಜಾಗವು ಖಾಲಿಯೆಂದು ಗುರುತಾಗುತ್ತದೆ. ಒಳಗಿನ ಬರಹವು ಇನ್ನೊಂದು ಅದರ ಮೇಲೆ ಬೀಳುವವರೆಗೆ ಹಾಗೆಯೇ ಇರುತ್ತದೆ. ಅಮೆರಿಕದ ಸಿಮ್ಸನ್ ಗಾರ್ಫಿಂಕೆಲ್ ಮತ್ತು ಅಭಿ ಶೆಲಾಟ್ ಎಂಬ ಇಬ್ಬರು 158 ಹಳೆಯ ಡಿಸ್ಕುಗಳನ್ನು ಕೊಂಡು ಪರೀಕ್ಷಿಸಿ 2003ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಕೆಲಸ ಮಾಡುತ್ತಿದ್ದ 129 ಡಿಸ್ಕುಗಳಲ್ಲಿ ಸರಿಯಾಗಿ ಶುಚಿಮಾಡಿದ್ದವು 12 ಮಾತ್ರ. ಉಳಿದವುಗಳಲ್ಲಿ ಸಾವಿರಾರು ಕ್ರೆಡಿಟ್ ಕಾರ್ಡುಗಳ ಸಂಖ್ಯೆಗಳೂ ಸ್ವಂತ ಪತ್ರಗಳೂ ಸಿಕ್ಕಿದವು. ಈಗಿನ ಘನಸ್ಥಿತಿಯ ಡಿಸ್ಕುಗಳಲ್ಲಿ ಅಳಿಸಿದ ಜಾಗವನ್ನು ಡಿಸ್ಕೇ ತನ್ನ ಅನುಕೂಲದಂತೆ ತೆರವು ಮಾಡಿಕೊಳ್ಳುತ್ತದೆ. ಅದು ಯಾವಾಗೆಂಬುದು ನಮ್ಮ ಕೈಯಲ್ಲಿಲ್ಲ. ಮೊದಲಿನಿಂದಲೂ ಗೂಢಲಿಪಿಯಲ್ಲಿಟ್ಟ ಡಿಸ್ಕಿಗಾದರೋ ಈ ಚಿಂತೆ ಬಹುಮಟ್ಟಿಗಿಲ್ಲ. ಕೀಲಿಯನ್ನು ನಾಶಮಾಡಿದರೆ ಉಳಿದುದು ಅರ್ಥವಿಲ್ಲದ ಅಂಕಿಗಳ ರಾಶಿ.

ಹಾಗಾದರೆ ಮರೆಗೆ ಬೆಲೆಯೇ ಇಲ್ಲವೆ? ಉಂಟು, ಪರದೆಗಿರುವಷ್ಟು ಬೆಲೆ. ಮಗುವು ಆಡುತ್ತ ಮುಖ್ಯವಾದ ಕಡತವನ್ನು ಅಳಿಸದಿರಲೆಂದೋ, ಮೇಜಿನ ಮೇಲೆ ಗಲಿಬಿಲಿ ಕಾಣದಿರಲೆಂದೋ ಅದನ್ನು ಬಳಸಬಹುದು. ನಮ್ಮ ದೂರು ಇರುವುದು ಪರದೆಯನ್ನು ಗೋಡೆಯೆಂದು ಕಲಿಸುವ ಪಾಠದ ಮೇಲೆ. ಶಾಲೆ ಕಾಲೇಜುಗಳ ಕಂಪ್ಯೂಟರ್ ತರಗತಿಗಳಲ್ಲಿ ‘ಕಡತದ ರಕ್ಷಣೆ’ ಎಂಬ ತಲೆಬರಹದ ಕೆಳಗೆ ‘ಹಿಡನ್’ ಗುರುತನ್ನು ಹೇಳಿಕೊಟ್ಟು ಮುಂದಿನ ಪಾಠಕ್ಕೆ ಹೋಗುವ ಪದ್ಧತಿ ನಿಲ್ಲಬೇಕು. ಅದೇ ತರಗತಿಯಲ್ಲಿ ಒಬ್ಬ ವಿದ್ಯಾರ್ಥಿಯು ಅಡಗಿಸಿದುದನ್ನು ಇನ್ನೊಬ್ಬನು ಹುಡುಕಿ ತೆಗೆಯಲಿ. ಆಮೇಲೆ ಗೂಢಲಿಪಿಯಲ್ಲಿಟ್ಟುದನ್ನು ತೆಗೆಯಲು ಪ್ರಯತ್ನಿಸಿ ಸೋಲಲಿ. ಅರ್ಧ ಗಂಟೆಯ ಈ ಪ್ರಯೋಗವು ಹತ್ತು ಪುಟಗಳ ಟಿಪ್ಪಣಿಗಿಂತ ಹೆಚ್ಚಿನದನ್ನು ಕಲಿಸುವುದು.

ಇಷ್ಟು ಒತ್ತಿ ಹೇಳುವುದಕ್ಕೆ ಕಾರಣವುಂಟು. ಗುಟ್ಟು ಹೊರಬಿದ್ದಾಗ ಹೆಚ್ಚು ನೋಯುವವರು ಮನೆಯಲ್ಲಿ ಬಲಹೀನರಾದವರು. ಕಾಯಿಲೆಯನ್ನು ಇನ್ನೂ ಯಾರಿಗೂ ಹೇಳದಿರುವವರು, ಹೊಡೆತ ತಿಂದುದನ್ನು ದಿನಚರಿಯಲ್ಲಿ ಮಾತ್ರ ಬರೆದಿಟ್ಟ ಹೆಂಗಸರು, ಮನೆಯವರ ಇಷ್ಟಕ್ಕೆ ವಿರೋಧವಾಗಿ ಬೇರೆ ಊರಿನ ಕಾಲೇಜಿಗೆ ಅರ್ಜಿ ಬರೆದಿಟ್ಟ ಹುಡುಗಿಯರು: ಇಂಥವರಿಗೆ ಒಂದು ಫೋಲ್ಡರು ಬೇರೆಯವರ ಕೈಗೆ ಸಿಕ್ಕುವುದೆಂದರೆ ಬರಿಯ ಮುಜುಗರವಲ್ಲ, ಬದುಕಿನ ಪ್ರಶ್ನೆ. ಭದ್ರತೆಯಿಲ್ಲವೆಂದು ತಿಳಿದವರು ಎಚ್ಚರದಿಂದಿರುತ್ತಾರೆ, ಬರೆಯಬೇಕಾದುದನ್ನು ಬೇರೆಡೆಯಲ್ಲಿ ಬರೆಯುತ್ತಾರೆ. ಭದ್ರತೆಯಿದೆಯೆಂದು ತಪ್ಪಾಗಿ ನಂಬಿದವರು ಎಲ್ಲವನ್ನೂ ಅಲ್ಲಿಯೇ ಬರೆದಿಡುತ್ತಾರೆ. ಇವರಿಗೆ ಪರದೆಯನ್ನು ತೋರಿಸಿ ಗೋಡೆಯೆಂದು ಹೇಳುವ ಹಕ್ಕು ವಿಜ್ಞಾನವನ್ನು ಕಲಿಸುವ ನಮಗಾರಿಗೂ ಇಲ್ಲ.